ರಜೆ ಸಿಕ್ಕಿತು, ಕೆಲಸ ಉಳಿಯಿತು



ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ಬಹಳ ಮಂದಿ ಮೊದಲು ನೋಡುವುದು ಕೆಂಪು ಅಕ್ಷರದ ತಾರೀಖುಗಳನ್ನು. ಯಾವ ಜಯಂತಿ ಯಾವ ವಾರ ಬಂದಿದೆ, ಎಷ್ಟು ರಜೆಗಳನ್ನು ಭಾನುವಾರ ನುಂಗಿದೆ ಎಂಬ ಲೆಕ್ಕ ಗೋಡೆಗೆ ಮೊಳೆ ಹೊಡೆಯುವ ಮೊದಲೇ ಮುಗಿದಿರುತ್ತದೆ. ಜಯಂತಿ ಯಾರದ್ದು, ಅವರು ಏನು ಹೇಳಿ ಹೋದರು ಎಂಬ ಪ್ರಶ್ನೆ ಆಮೇಲಿನದು. ಕೆಲವು ಸಲ ಆ ಪ್ರಶ್ನೆ ಬರುವುದೇ ಇಲ್ಲ.

ಅಮೆರಿಕದವರು ಈ ಭಾನುವಾರದ ತಾಪತ್ರಯವನ್ನು ಕಾನೂನಿನ ಮೂಲಕವೇ ಬಗೆಹರಿಸಿಕೊಂಡಿದ್ದಾರೆ. ಅಲ್ಲಿ ಹಲವು ಸಾರ್ವಜನಿಕ ರಜೆಗಳನ್ನು ಸೋಮವಾರಕ್ಕೇ ಕಟ್ಟಿಹಾಕಲಾಗಿದೆ. ಅವುಗಳಲ್ಲಿ ಜನವರಿಯ ಮೂರನೇ ಸೋಮವಾರದ್ದು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ದಿನ. ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ. ಮೂರನೇ ಸೋಮವಾರ 15ರಿಂದ 21ರ ನಡುವೆ ಯಾವಾಗಲಾದರೂ ಬರಬಹುದು. ಹೀಗಾಗಿ ಹುಟ್ಟಿದ ದಿನವೂ ರಜೆಯ ದಿನವೂ ಕೂಡಿ ಬರುವುದು ಅಪರೂಪ.

ಕಿಂಗ್ ಅಧ್ಯಕ್ಷರಾಗಿರಲಿಲ್ಲ, ಸೇನಾಪತಿಯೂ ಅಲ್ಲ. ಯಾವ ಚುನಾವಣೆಗೂ ನಿಂತವರಲ್ಲ. ಅವರು ಚರ್ಚಿನ ಒಬ್ಬ ಪಾದ್ರಿ. ಹಲವಾರು ಸಲ ಜೈಲಿಗೆ ಹೋಗಿ ಬಂದವರು. ಅಂಥವರ ಹೆಸರಿನಲ್ಲಿ ಇಡೀ ರಾಷ್ಟ್ರ ರಜೆ ಕೊಟ್ಟು ಕೂರುವುದೆಂದರೆ ಸಣ್ಣ ಮಾತಲ್ಲ. ಆ ರಜೆ ಹೇಗೆ ಬಂತು, ಜನ ಅದನ್ನು ಹೇಗೆ ಆಚರಿಸುತ್ತಾರೆ, ಆಚರಣೆಯ ಸಡಗರದಲ್ಲಿ ಏನು ಕಳೆದುಹೋಗುತ್ತದೆ ಎಂಬ ಮೂರು ಸಂಗತಿಗಳು ಇವತ್ತಿನ ಮಾತಿನ ವಸ್ತು.

ಕಥೆ ಶುರುವಾಗುವುದು ಕಸದ ಲಾರಿಯಿಂದ. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ 1968ರ ಫೆಬ್ರುವರಿ 1ರಂದು ಜೋರು ಮಳೆ. ಇಬ್ಬರು ಕರಿಯ ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದರು. ಕಸ ಅದುಮುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಗಿ ಇಬ್ಬರೂ ಅದರಲ್ಲಿ ಸಿಕ್ಕಿ ಸತ್ತರು. ಕಡಿಮೆ ಕೂಲಿ, ಹಳೆಯ ಯಂತ್ರಗಳು, ಮಾತೆತ್ತಿದರೆ ಅವಮಾನ, ಇವೆಲ್ಲ ಹಿಂದಿನಿಂದಲೂ ಇದ್ದವು. ಈ ಸಾವುಗಳ ನಂತರ ತಡೆಯಲಾಗಲಿಲ್ಲ. ಫೆಬ್ರುವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರು ಹಿಡಿದು ನಡೆದ ಫಲಕದಲ್ಲಿದ್ದದ್ದು ಒಂದೇ ಮಾತು: ನಾನು ಮನುಷ್ಯ. ಕೂಲಿ ಎಷ್ಟು ಬೇಕು ಎಂಬುದನ್ನು ಕೂಡ ಆ ಫಲಕ ಹೇಳುತ್ತಿರಲಿಲ್ಲ.

ಆ ಮುಷ್ಕರಕ್ಕೆ ಬೆಂಬಲವಾಗಿ ಕಿಂಗ್ ಮೆಂಫಿಸ್‌ಗೆ ಬಂದರು. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲ್ ಎಂಬ ವಸತಿಗೃಹದ ಮಹಡಿಯ ಮೊಗಸಾಲೆಯಲ್ಲಿ ನಿಂತಿದ್ದಾಗ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 39.

ನಾಲ್ಕು ದಿನ ಕಳೆದು ಏಪ್ರಿಲ್ 8ರಂದು ಎರಡು ಘಟನೆಗಳು ನಡೆದವು. ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್, ಗಂಡನ ಅಂತ್ಯಕ್ರಿಯೆ ಇನ್ನೂ ಮುಗಿಯದಿರುವಾಗಲೇ, ಮೆಂಫಿಸ್‌ಗೆ ಬಂದು ಪೌರಕಾರ್ಮಿಕರ ಮೌನ ಮೆರವಣಿಗೆಯ ಮುಂದೆ ನಡೆದರು. ಅದೇ ದಿನ ವಾಷಿಂಗ್ಟನ್‌ನಲ್ಲಿ ಮಿಷಿಗನ್ ರಾಜ್ಯದ ಸಂಸದ ಜಾನ್ ಕಾನ್ಯರ್ಸ್ ಅವರು ಕಿಂಗ್ ಜನ್ಮದಿನವನ್ನು ರಾಷ್ಟ್ರೀಯ ರಜೆ ಮಾಡಬೇಕೆಂಬ ಮಸೂದೆ ಮಂಡಿಸಿದರು. ಅಲ್ಲಿ ಪೌರಕಾರ್ಮಿಕರ ಮೆರವಣಿಗೆ, ಇಲ್ಲಿ ರಜೆಯ ಮಸೂದೆ. ಮುಷ್ಕರ ಏಪ್ರಿಲ್ 16ಕ್ಕೆ ಇತ್ಯರ್ಥವಾಯಿತು. ಮಸೂದೆ ಪಾಸಾಗಲು ಹದಿನೈದು ವರ್ಷ ಹಿಡಿಯಿತು.

ಯಾಕೆ ಅಷ್ಟು ಕಾಲ? ವಿರೋಧಿಗಳು ಹೇಳಿದ ಕಾರಣಗಳು ನಾನಾ. ಸರ್ಕಾರಿ ನೌಕರರಿಗೆ ಇನ್ನೊಂದು ಸಂಬಳ ಸಹಿತ ರಜೆ ಕೊಟ್ಟರೆ ಬೊಕ್ಕಸಕ್ಕೆ ಹೊರೆ ಎಂದರು. ಯಾವ ಸರ್ಕಾರಿ ಹುದ್ದೆಯನ್ನೂ ಹಿಡಿಯದ ಖಾಸಗಿ ವ್ಯಕ್ತಿಗೆ ಇಂಥ ಗೌರವ ಸಲ್ಲದು ಎಂದರು. ಅವರಿಗೆ ಕಮ್ಯುನಿಸ್ಟರ ನಂಟಿತ್ತು ಎಂಬ ಆರೋಪವನ್ನು ಸೆನೆಟ್ ಸದಸ್ಯ ಜೆಸ್ಸಿ ಹೆಲ್ಮ್ಸ್ ಸದನದಲ್ಲೇ ಎತ್ತಿದರು. ಇತ್ತ ಕಾನ್ಯರ್ಸ್ ಮತ್ತು ಸಂಸದೆ ಶರ್ಲಿ ಚಿಸಮ್ ಪಟ್ಟು ಬಿಡದೆ ಮಸೂದೆಯನ್ನು ಮತ್ತೆ ಮತ್ತೆ ತಂದರು. 1979ರಲ್ಲಿ ಅದು ಕೆಳಮನೆಯಲ್ಲಿ ಐದೇ ಮತಗಳ ಕೊರತೆಯಿಂದ ಬಿದ್ದುಹೋಯಿತು.

ಆಗ ಹಾಡೊಂದು ನೆರವಿಗೆ ಬಂತು. ಹುಟ್ಟಿದ ಸ್ವಲ್ಪ ಸಮಯದಲ್ಲೇ ದೃಷ್ಟಿ ಕಳೆದುಕೊಂಡ ಗಾಯಕ ಸ್ಟೀವಿ ವಂಡರ್ 1980ರ ತಮ್ಮ ಧ್ವನಿಮುದ್ರಿಕೆಯಲ್ಲಿ ಕಿಂಗ್ ಹುಟ್ಟುಹಬ್ಬಕ್ಕೆಂದೇ ಒಂದು ಗೀತೆ ಸೇರಿಸಿದರು. ಸಭೆಗಳಲ್ಲಿ, ರೇಡಿಯೋದಲ್ಲಿ ಅದು ಮೊಳಗಿತು. ಇವತ್ತಿಗೂ ಅಲ್ಲಿನ ಎಷ್ಟೋ ಕರಿಯರ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಹಾಡುವುದು ಇದನ್ನೇ. ರಜೆಗಾಗಿ ಸಂಗ್ರಹಿಸಿದ ಸಹಿಗಳು 60 ಲಕ್ಷ ಮುಟ್ಟಿದವು. ಕೊನೆಗೆ ಇಂಡಿಯಾನಾದ ಸಂಸದೆ ಕೇಟಿ ಹಾಲ್ ತಂದ ಮಸೂದೆ 1983ರ ಆಗಸ್ಟ್‌ನಲ್ಲಿ ಕೆಳಮನೆಯಲ್ಲಿ 338-90, ಅಕ್ಟೋಬರ್‌ನಲ್ಲಿ ಸೆನೆಟ್‌ನಲ್ಲಿ 78-22 ಮತಗಳಿಂದ ಗೆದ್ದಿತು. ಮೊದಮೊದಲು ಹಿಂದೇಟು ಹಾಕಿದ್ದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರೇ ನವೆಂಬರ್ 2ರಂದು ಸಹಿ ಹಾಕಿದರು. ಮೊದಲ ಆಚರಣೆ ನಡೆದದ್ದು 1986ರ ಜನವರಿ 20ರಂದು.

ಅಲ್ಲಿಗೆ ಮುಗಿಯಿತೇ? ಇಲ್ಲ. ಒಂದು ಸೂಕ್ಷ್ಮ ಗಮನಿಸಬೇಕು. ಅಮೆರಿಕದಲ್ಲಿ ಕೇಂದ್ರದ ರಜೆ ಕಟ್ಟಿಹಾಕುವುದು ಕೇಂದ್ರದ ಕಚೇರಿಗಳನ್ನು ಮಾತ್ರ. ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಳ್ಳಬೇಕು. ಖಾಸಗಿ ಕಂಪೆನಿಗಳು ಕೊಟ್ಟರೆ ಕೊಟ್ಟವು, ಬಿಟ್ಟರೆ ಬಿಟ್ಟವು. ಹೀಗಾಗಿ ಜಗಳ ವಾಷಿಂಗ್ಟನ್ ಬಿಟ್ಟು ರಾಜ್ಯಗಳ ರಾಜಧಾನಿಗಳಿಗೆ ಹೋಯಿತು.

ಅರಿಜೋನಾದ ಕಥೆ ಪ್ರಸಿದ್ಧ. ಅಲ್ಲಿನ ಗವರ್ನರ್ ಆಗಿದ್ದ ಇವಾನ್ ಮೆಕಮ್ 1987ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಹಿಂದಿನವರು ಘೋಷಿಸಿದ್ದ ರಜೆಯನ್ನು ರದ್ದು ಮಾಡಿದರು. 1990ರಲ್ಲಿ ವಿಷಯ ಮತದಾರರ ಮುಂದೆ ಹೋಗಿ ಅಲ್ಲೂ ಸೋತಿತು. ಅಮೆರಿಕನ್ ಫುಟ್‌ಬಾಲ್‌ನ ಮಹಾ ಫೈನಲ್ ಪಂದ್ಯ ಸೂಪರ್ ಬೌಲ್ 1993ರಲ್ಲಿ ಅರಿಜೋನಾದಲ್ಲಿ ನಡೆಯಬೇಕಿತ್ತು. ಸಂಘಟಕರು ಪಂದ್ಯವನ್ನೇ ಕ್ಯಾಲಿಫೋರ್ನಿಯಾಕ್ಕೆ ಎತ್ತಿಕೊಂಡು ಹೋದರು. ಹೋಟೆಲು, ಟ್ಯಾಕ್ಸಿ, ಪ್ರವಾಸೋದ್ಯಮ ಎಲ್ಲಕ್ಕೂ ಪೆಟ್ಟು ಬಿತ್ತು. 1992ರ ನವೆಂಬರ್‌ನಲ್ಲಿ ಮತದಾರರು ರಜೆಗೆ ಒಪ್ಪಿಗೆ ಕೊಟ್ಟರು. 1996ರ ಪಂದ್ಯ ಅರಿಜೋನಾಕ್ಕೆ ಸಿಕ್ಕಿತು. ನ್ಯಾಯದ ವಾದಕ್ಕೆ ಬಗ್ಗದವರು ಗಲ್ಲಾಪೆಟ್ಟಿಗೆಯ ವಾದಕ್ಕೆ ಬಗ್ಗಿದರು ಎಂದು ಆಡಿಕೊಂಡವರೂ ಇದ್ದರು.

ಇನ್ನು ಕೆಲವು ರಾಜ್ಯಗಳು ರಜೆ ಕೊಟ್ಟವು, ಹೆಸರು ಕೊಡಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅದು ನಾಗರಿಕ ಹಕ್ಕುಗಳ ದಿನ, ಯೂಟಾದಲ್ಲಿ ಮಾನವ ಹಕ್ಕುಗಳ ದಿನ. ಎರಡೂ ಕಡೆ ಕಿಂಗ್ ಹೆಸರು ಬರಲು 2000ದವರೆಗೆ ಕಾಯಬೇಕಾಯಿತು. ದಕ್ಷಿಣದ ವರ್ಜೀನಿಯಾ ಇನ್ನೂ ವಿಚಿತ್ರ ಮಾಡಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಪರವಾಗಿ ಅಂತರ್ಯುದ್ಧದಲ್ಲಿ ಹೋರಾಡಿದ ಜನರಲ್ ರಾಬರ್ಟ್ ಲೀ ಮತ್ತು ಜನರಲ್ ಜಾಕ್ಸನ್, ಇಬ್ಬರ ಜನ್ಮದಿನಗಳೂ ಜನವರಿಯಲ್ಲೇ. ಆ ಇಬ್ಬರ ಜೊತೆ ಕಿಂಗ್ ಅವರನ್ನೂ ಸೇರಿಸಿ ಒಂದೇ ದಿನ ಮೂವರಿಗೂ ಹಾರ ಹಾಕಿಸಿತು. 2000ದಲ್ಲಿ ಈ ಕಲಸುಮೇಲೋಗರ ಬೇರ್ಪಟ್ಟಿತು. ಅಲಬಾಮಾ ಮತ್ತು ಮಿಸಿಸಿಪ್ಪಿಗಳಲ್ಲಿ ಮಾತ್ರ 2025ರ ಜನವರಿಯಲ್ಲೂ ಕಿಂಗ್ ಮತ್ತು ಲೀ ಒಂದೇ ಸೋಮವಾರವನ್ನು ಹಂಚಿಕೊಂಡರು. ಅಲಬಾಮಾ ಎಂದರೆ ಕಿಂಗ್ 381 ದಿನಗಳ ಬಸ್ ಬಹಿಷ್ಕಾರ ನಡೆಸಿದ ಮಾಂಟ್‌ಗೊಮರಿ ಇರುವ ರಾಜ್ಯ ಎಂಬುದನ್ನು ಮರೆಯಬಾರದು.

ಈಗ ಆಚರಣೆಯ ವಿಷಯಕ್ಕೆ ಬರೋಣ. ಕಿಂಗ್ ಪಾದ್ರಿಯಾಗಿದ್ದ ಅಟ್ಲಾಂಟಾದ ಎಬೆನೇಜರ್ ಚರ್ಚಿನಲ್ಲಿ ಅಂದು ಪ್ರಾರ್ಥನೆ, ಭಾಷಣ, ಹಾಡು. ಪಕ್ಕದಲ್ಲೇ ಅವರ ಸಮಾಧಿ. ಕೊಲೆಯಾದ ಮರುವರ್ಷದ ಜನವರಿಯಿಂದಲೇ, ಅಂದರೆ ರಜೆ ಬರುವುದಕ್ಕೆ ಎಷ್ಟೋ ಮೊದಲೇ, ಕೊರೆಟಾ ಅಲ್ಲಿ ಈ ಸ್ಮರಣೆಯನ್ನು ಆರಂಭಿಸಿದ್ದರು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಡೆಯುವ ಸಾಮೂಹಿಕ ನಡಿಗೆ ದೇಶದ ಅತಿ ದೊಡ್ಡ ನಡಿಗೆಗಳಲ್ಲೊಂದು. ಡೆನ್ವರ್‌ನವರು ಮಾರ್ಚ್ ಮತ್ತು ಪರೇಡ್ ಎರಡು ಪದಗಳನ್ನೂ ಬೆಸೆದು ತಮ್ಮ ಮೆರವಣಿಗೆಗೆ 'ಮರೇಡ್' ಎಂದೇ ಹೆಸರಿಟ್ಟಿದ್ದಾರೆ. ಪ್ರತಿಭಟನೆಯೂ ಹೌದು, ಉತ್ಸವವೂ ಹೌದು ಎಂಬ ಅರ್ಥ ಅದರಲ್ಲಿದೆ. ಶಾಲಾ ಮಕ್ಕಳ ಬ್ಯಾಂಡು, ಕಾರ್ಮಿಕ ಸಂಘಗಳ ಬಾವುಟ, ಮತ ಕೇಳಲು ಬಂದ ರಾಜಕಾರಣಿಗಳ ಕೈಬೀಸು, ಎಲ್ಲವೂ ಒಂದೇ ರಸ್ತೆಯಲ್ಲಿ ಸಾಗುತ್ತವೆ. ನಮ್ಮ ಜಯಂತಿ ಮೆರವಣಿಗೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮತ್ತೊಂದು ಬಗೆಯ ಆಚರಣೆಯೂ ಇದೆ. ರಜೆ ಬರಬರುತ್ತಾ ಬರಿ ನಿದ್ದೆಯ ದಿನವಾಗುತ್ತಿದೆ ಎಂಬ ಕಳವಳದಿಂದ 1994ರಲ್ಲಿ ಇನ್ನೊಂದು ಕಾನೂನು ಬಂತು. ಅಂದು ಜನ ಸೇವಾಕಾರ್ಯದಲ್ಲಿ ತೊಡಗಲು ಪ್ರೋತ್ಸಾಹಿಸುವುದು ಅದರ ಉದ್ದೇಶ. ಅದರ ಹಿಂದೆ ಇದ್ದವರು ಇಬ್ಬರು. ಒಬ್ಬರು ಕಿಂಗ್ ಜೊತೆ ಹೋರಾಡಿ ಲಾಠಿ ಏಟು ತಿಂದಿದ್ದ ಸಂಸದ ಜಾನ್ ಲೂಯಿಸ್. ಇನ್ನೊಬ್ಬರು ಸೆನೆಟ್ ಸದಸ್ಯ ಹ್ಯಾರಿಸ್ ವಾಫರ್ಡ್. ವಾಫರ್ಡ್ ತಾರುಣ್ಯದಲ್ಲಿ ಭಾರತದಲ್ಲಿ ಓಡಾಡಿ ಗಾಂಧೀಜಿಯ ವಿಚಾರಗಳನ್ನು ಅಭ್ಯಾಸ ಮಾಡಿದ್ದವರು, ಪತ್ನಿಯೊಡನೆ ಭಾರತದ ಬಗ್ಗೆ ಪುಸ್ತಕ ಬರೆದವರು. ಶ್ರಮದಾನದ ವಾಸನೆ ಈ ಕಾನೂನಿಗೆ ಎಲ್ಲಿಂದ ಬಂತೆಂದು ಊಹಿಸಬಹುದು. ಫಿಲಡೆಲ್ಫಿಯಾದಲ್ಲಿ 1996ರಲ್ಲಿ ಆರಂಭವಾದ ಸೇವಾದಿನ ಇಂದು ಬಹು ದೊಡ್ಡದಾಗಿ ಬೆಳೆದಿದೆ. ಜನ ಶಾಲೆಯ ಗೋಡೆಗೆ ಸುಣ್ಣಬಣ್ಣ ಬಳಿಯುತ್ತಾರೆ, ಪಾರ್ಕು ಗುಡಿಸುತ್ತಾರೆ, ಹಸಿದವರಿಗೆ ಊಟದ ಪೊಟ್ಟಣ ಕಟ್ಟುತ್ತಾರೆ, ರಕ್ತ ಕೊಡುತ್ತಾರೆ.

ಮೂರನೆಯದು ಮಾರುಕಟ್ಟೆಯ ಆಚರಣೆ. ಬ್ಯಾಂಕು, ಅಂಚೆ ಕಚೇರಿ, ಶಾಲೆ ಮುಚ್ಚಿರುತ್ತವೆ. ನ್ಯೂಯಾರ್ಕಿನ ಷೇರುಪೇಟೆ 1998ರಿಂದ ಅಂದು ಬಾಗಿಲು ಹಾಕುತ್ತದೆ. ಅಂಗಡಿಗಳು ಮಾತ್ರ ತೆರೆದಿರುತ್ತವೆ, ಅದೂ ರಿಯಾಯಿತಿ ಮಾರಾಟದ ಬೋರ್ಡು ಹಾಕಿಕೊಂಡು. ಹಾಸಿಗೆ, ಸೋಫಾ, ಚಳಿಗಾಲದ ಕೋಟು ಎಲ್ಲಕ್ಕೂ ಕಿಂಗ್ ಹೆಸರಿನಲ್ಲಿ ಬೆಲೆ ಇಳಿಕೆ. ಬಡವರ ಹೋರಾಟಕ್ಕೆ ಪ್ರಾಣ ಕೊಟ್ಟವರ ಹೆಸರಿನಲ್ಲಿ ಸೋಫಾ ಮಾರುವುದು ಅಲ್ಲಿನ ಹಲವರಿಗೆ ಇರಿಸುಮುರಿಸು ತಂದಿದೆ. ಆ ದಿನ ಅಂಗಡಿಯ ಗಲ್ಲಾದಲ್ಲಿ ನಿಂತು ಬಿಲ್ ಹಾಕುವವರು, ಮಹಡಿ ಒರೆಸುವವರು, ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುವವರು ಗಂಟೆ ಲೆಕ್ಕದ ಕೂಲಿಯವರು. ಅವರಲ್ಲಿ ಬಹುಮಂದಿಗೆ ಈ ರಜೆ ಇಲ್ಲ.

ರಾಜಕೀಯದ ನೆರಳೂ ಈ ದಿನವನ್ನು ಬಿಟ್ಟಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಧ್ಯಕ್ಷರ ಪ್ರಮಾಣವಚನ ಕೆಲವೊಮ್ಮೆ ಇದೇ ಸೋಮವಾರ ಬರುತ್ತದೆ. 2013ರಲ್ಲಿ ಬರಾಕ್ ಒಬಾಮ ಅಂದು ಕಿಂಗ್ ಅವರ ಬೈಬಲ್ ಮೇಲೆಯೂ ಕೈಯಿಟ್ಟು ಪ್ರಮಾಣ ಮಾಡಿದರು. 2025ರಲ್ಲಿ ಡೊನಾಲ್ಡ್ ಟ್ರಂಪ್ ಎರಡನೇ ಬಾರಿ ಅಧಿಕಾರ ವಹಿಸಿಕೊಂಡದ್ದೂ ಇದೇ ರಜೆಯ ದಿನ. ರಾಷ್ಟ್ರೀಯ ಉದ್ಯಾನಗಳಿಗೆ ಹಿಂದೆ ಅಂದು ಉಚಿತ ಪ್ರವೇಶವಿತ್ತು. 2026ರ ಉಚಿತ ದಿನಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ಕಾನೂನಿನಲ್ಲಿ ಸೇರಿದ ಮಾತ್ರಕ್ಕೆ ಒಂದು ರಜೆಯ ಕುರಿತ ವಾದ ತೀರುವುದಿಲ್ಲ.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಎಲ್ಲರೂ ಮೆಚ್ಚುವ ಈ ಕಿಂಗ್, ಬದುಕಿದ್ದಾಗಿನ ಕಿಂಗ್ ಹೌದೇ? 1966ರಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಜನಾಭಿಪ್ರಾಯ ಸಂಗ್ರಹದಲ್ಲಿ 100ಕ್ಕೆ 63 ಮಂದಿ ಅಮೆರಿಕನ್ನರು ಅವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ಹೊಂದಿದ್ದರು. ಅದೇ ಸಂಸ್ಥೆ 2011ರಲ್ಲಿ ಕೇಳಿದಾಗ 94 ಮಂದಿಗೆ ಒಳ್ಳೆಯ ಅಭಿಪ್ರಾಯ. ಬದಲಾದದ್ದು ಜನರೋ, ಜನ ನೆನಪಿಟ್ಟುಕೊಂಡ ಕಿಂಗೋ?

ಎರಡೂ ಎನ್ನಬೇಕು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಕರಿಯರನ್ನು ಬೇರೆ ಕೂರಿಸುವುದು ತಪ್ಪು ಎಂಬುದನ್ನು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಹಕ್ಕು ಕಾಯ್ದೆಗಳು ತಂದ ಬದಲಾವಣೆ ಇದು. ಆದರೆ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುವುದು 1963ರ ವಾಷಿಂಗ್ಟನ್ ಭಾಷಣದ ಕೊನೆಯ ಕನಸಿನ ಭಾಗವನ್ನು. ಅದೇ ಭಾಷಣದ ಆರಂಭದಲ್ಲಿ ಕಿಂಗ್, ದೇಶ ಕರಿಯರಿಗೆ ಕೊಟ್ಟ ಸಮಾನತೆಯ ವಾಗ್ದಾನವನ್ನು ಬ್ಯಾಂಕಿನಿಂದ ವಾಪಸು ಬಂದ ಚೆಕ್ಕಿಗೆ ಹೋಲಿಸಿದ್ದರು. ಆ ಮೆರವಣಿಗೆಯ ಹೆಸರಿನಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲು ಇದ್ದ ಪದ ಉದ್ಯೋಗ. ಮುಂದೆ ಅವರು ಷಿಕಾಗೋದ ಕೊಳೆಗೇರಿಗಳ ಬಾಡಿಗೆಯ ಬಗ್ಗೆ ಮಾತಾಡಿದರು, ವಿಯೆಟ್ನಾಂ ಯುದ್ಧವನ್ನು ಖಂಡಿಸಿದರು, ಬಿಳಿಯರು ಕರಿಯರೆನ್ನದೆ ಬಡವರನ್ನೆಲ್ಲ ಸೇರಿಸಿ ರಾಜಧಾನಿಗೆ ಹೊರಡುವ ಸಿದ್ಧತೆ ನಡೆಸಿದರು. ಮಿತ್ರರೂ ದೂರ ಸರಿದದ್ದು ಆಗಲೇ. ಈ ಕಿಂಗ್ ರಜೆಯ ಭಾಷಣಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಕನಸು ಕಂಡವರಿಗೆ ಹಾರ ಹಾಕುವುದು ಸುಲಭ. ಬಾಕಿ ವಸೂಲಿಗೆ ಬಂದವರಿಗೆ ಹಾರ ಹಾಕುವುದು ಕಷ್ಟ.

ಈ ಕಥೆಗೂ ನಮ್ಮ ನೆಲಕ್ಕೂ ಒಂದು ನಂಟಿದೆ. 1959ರ ಫೆಬ್ರುವರಿಯಲ್ಲಿ ಕಿಂಗ್ ದಂಪತಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸುತ್ತಾಡಿದರು. ರಾಜಘಾಟ್‌ನಲ್ಲಿ ಹೂ ಇರಿಸಿದರು, ನೆಹರೂ ಮನೆಯಲ್ಲಿ ಊಟ ಮಾಡಿದರು, ವಿನೋಬಾ ಅವರನ್ನು ಕಂಡರು. ಅವರು ಹಾದುಹೋದ ಊರುಗಳಲ್ಲಿ ಬೆಂಗಳೂರೂ ಒಂದು. ಕೇರಳದಲ್ಲಿ ಅಂದು ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳು ಓದುತ್ತಿದ್ದ ಶಾಲೆಯೊಂದಕ್ಕೆ ಹೋದಾಗ ಅಲ್ಲಿನ ಮುಖ್ಯೋಪಾಧ್ಯಾಯರು, ಇವರೂ ನಿಮ್ಮ ಹಾಗೆಯೇ ಒಬ್ಬ ಅಸ್ಪೃಶ್ಯ, ಅಮೆರಿಕದಿಂದ ಬಂದಿದ್ದಾರೆ ಎಂಬ ಅರ್ಥದಲ್ಲಿ ಮಕ್ಕಳಿಗೆ ಪರಿಚಯಿಸಿದರು. ಕಿಂಗ್‌ಗೆ ಒಂದು ಕ್ಷಣ ಮುಜುಗರವಾಯಿತು, ಸಿಟ್ಟೂ ಬಂತು. ಆಮೇಲೆ ತಮ್ಮ ದೇಶದ ಕೋಟ್ಯಂತರ ಕರಿಯರ ಬಾಳು ನೆನಪಾಗಿ, ಹೌದು, ತಾನೂ ಅಸ್ಪೃಶ್ಯನೇ ಎಂದು ತಮಗೆ ತಾವೇ ಹೇಳಿಕೊಂಡರು. 1965ರಲ್ಲಿ ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಅವರೇ ಈ ಪ್ರಸಂಗವನ್ನು ಹೇಳಿದರು.

ಇನ್ನೊಂದು ಕೊಂಡಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ತಿದ್ದಿ, ಹುಟ್ಟಿದ ದೇಶ ನೋಡಿ ಜನರನ್ನು ಒಳಬಿಡುವ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ನಾಗರಿಕ ಹಕ್ಕುಗಳ ಹೋರಾಟ ಎಬ್ಬಿಸಿದ ಅಲೆಯಲ್ಲೇ ಬಂದ ತಿದ್ದುಪಡಿ ಅದು. ಬೆಂಗಳೂರು, ಮೈಸೂರು, ಧಾರವಾಡಗಳಿಂದ ಡಾಕ್ಟರುಗಳೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಆ ಬಾಗಿಲು ತೆರೆದ ಮೇಲೆ. ಜನವರಿಯ ಮೂರನೇ ಸೋಮವಾರ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳೊಂದಿಗೆ ಮನೆಯಲ್ಲಿ ಕುಳಿತ ಕನ್ನಡಿಗರು ತಮ್ಮ ಮನೆಯ ಕಥೆಗೂ ಆ ದಿನದ ಕಥೆಗೂ ನಂಟಿದೆ ಎಂದು ಮಕ್ಕಳಿಗೆ ಹೇಳಬಹುದು.

ಕೊನೆಯಲ್ಲಿ ಮತ್ತೆ ಮೆಂಫಿಸ್‌ಗೆ ಹೋಗೋಣ. ಕಿಂಗ್ ಬಿದ್ದ ಲೊರೇನ್ ಮೋಟೆಲ್ 1991ರಿಂದ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ. ಅವರು ತಂಗಿದ್ದ 306ನೇ ಕೋಣೆಯ ಹೊರಗೆ ಹೂವಿನ ಚಕ್ರ ತೂಗುತ್ತದೆ. ರಜೆಯ ದಿನ ಅಲ್ಲಿ ಜನ ಸಾಲುಗಟ್ಟುತ್ತಾರೆ. ಆದರೆ ಆ ಮುಷ್ಕರದಲ್ಲಿ ಫಲಕ ಹಿಡಿದು ನಡೆದ ಪೌರಕಾರ್ಮಿಕರ ಗತಿ ಏನಾಯಿತು? ಅವರಿಗೆ ನಗರಸಭೆಯ ಪಿಂಚಣಿ ಇರಲಿಲ್ಲ. ಕೆಲವರು ಇಳಿವಯಸ್ಸಿನಲ್ಲೂ ಕಸದ ಲಾರಿ ಹತ್ತುತ್ತಿದ್ದರು. 2017ರಲ್ಲಿ, ಅಂದರೆ 49 ವರ್ಷಗಳ ನಂತರ, ಬದುಕುಳಿದವರಿಗೆ ತಲಾ 50 ಸಾವಿರ ಡಾಲರ್ ಕೊಡುವುದಾಗಿ ನಗರಾಡಳಿತ ಪ್ರಕಟಿಸಿತು. ಬಳಿಕ ಅದನ್ನು 70 ಸಾವಿರಕ್ಕೆ ಏರಿಸಿತು. ಅಷ್ಟರಲ್ಲಿ ರಾಷ್ಟ್ರೀಯ ರಜೆಗೆ ಮೂವತ್ತು ವರ್ಷ ದಾಟಿತ್ತು.

ಜಯಂತಿ ಬೇಡ ಎನ್ನುವುದು ಈ ಮಾತಿನ ಉದ್ದೇಶವಲ್ಲ. ರಜೆ ಬಂದದ್ದರಿಂದಲೇ ಪ್ರತಿ ಜನವರಿಯಲ್ಲಿ ಒಮ್ಮೆಯಾದರೂ ಆ ಹೆಸರು ಶಾಲೆಯ ತರಗತಿಗಳಿಗೆ ಬರುತ್ತದೆ, ಯಾರೋ ಒಂದು ಮಗು ಮನೆಗೆ ಹೋಗಿ ಪ್ರಶ್ನೆ ಕೇಳುತ್ತದೆ. ಅದಕ್ಕಾಗಿ ಹದಿನೈದು ವರ್ಷ ಹೋರಾಡಿದವರ ಶ್ರಮ ವ್ಯರ್ಥವಲ್ಲ. ಆದರೆ ಯಾವುದೇ ಜಯಂತಿಯನ್ನು ಅಳೆಯಲು ಒಂದು ಸುಲಭ ಉಪಾಯವಿದೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಇರಲಿ, ಅಕ್ಟೋಬರ್ 2ರ ಗಾಂಧಿ ಜಯಂತಿ ಇರಲಿ, ಜನವರಿಯ ಆ ಸೋಮವಾರ ಇರಲಿ, ಮೆರವಣಿಗೆ ಮುಗಿದ ಮೇಲೆ ಐದು ನಿಮಿಷ ಅಲ್ಲೇ ನಿಲ್ಲಬೇಕು. ಬಾಡಿದ ಹೂವು, ನೀರಿನ ಪೊಟ್ಟಣ, ಹರಿದ ಬ್ಯಾನರ್ ಗುಡಿಸಲು ಯಾರು ಬರುತ್ತಾರೆ, ಅವರಿಗೆ ಅಂದು ರಜೆ ಇದೆಯೇ, ಅವರ ಕೂಲಿ ಎಷ್ಟು, ಅವರ ಕೈಗೆ ಗವಸು ಇದೆಯೇ ಎಂದು ಕೇಳಬೇಕು. ಮೆಂಫಿಸ್‌ಗೆ ಕಿಂಗ್ ಹೋದದ್ದು ಆ ಪ್ರಶ್ನೆ ಕೇಳಲು.